ಗುಡ್ಡ ಹತ್ತಿದ್ದಕ್ಕಿಂತ ಇಳಿದದ್ದೇ ಏಕೆ ಹೆಚ್ಚು ನೋಯುತ್ತದೆ?

ಶಿವಮೊಗ್ಗದ ಚಾರಣಿಗ:

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ನಾವು ನಾಲ್ವರು ಗೆಳೆಯರು ಜೀಪಿನ ಹಂಗಿಲ್ಲದೆ ಕೊಡಚಾದ್ರಿಯನ್ನು ನಡೆದೇ ಹತ್ತಿ ನಡೆದೇ ಇಳಿದೆವು. 1343 ಮೀಟರ್ ಎತ್ತರದ ಆ ಬೆಟ್ಟ ಹತ್ತುವಾಗ ಏದುಸಿರು ಬಂದು ಮೂರು ಕಡೆ ಕುಳಿತದ್ದು ನಿಜ. ಇಳಿಯುವಾಗ ಮಾತ್ರ ಹರಟೆ ಹೊಡೆಯುತ್ತ ಆರಾಮವಾಗಿ ಬಂದೆವು. ಅಂದು ರಾತ್ರಿ ಏನೂ ಆಗಲಿಲ್ಲ. ಸೋಮವಾರ ತೊಡೆ ಸ್ವಲ್ಪ ಬಿಗಿಯಾಯಿತು. ಮಂಗಳವಾರ ಬೆಳಿಗ್ಗೆ ಮಹಡಿಯಿಂದ ಇಳಿಯಲು ಗೋಡೆ ಹಿಡಿದುಕೊಳ್ಳಬೇಕಾಯಿತು. ವಿಚಿತ್ರವೆಂದರೆ ಅದೇ ಮೆಟ್ಟಿಲು ಹತ್ತಲು ಅಷ್ಟೇನೂ ಕಷ್ಟವಾಗಲಿಲ್ಲ, ಇಳಿಯುವುದಕ್ಕೇ ಪ್ರಾಣ ಹೋಗುತ್ತಿತ್ತು.

ಜಿಮ್ಮಿಗೆ ಹೋಗುವ ಗೆಳೆಯನು ಇದು ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡದ್ದರಿಂದ ಎನ್ನುತ್ತಾನೆ. ಅಮ್ಮ ನರ ಎಳೆದುಕೊಂಡಿದೆ, ಎಣ್ಣೆ ಕಾಯಿಸಿ ತಿಕ್ಕು ಎನ್ನುತ್ತಾರೆ. ಬೆವರು ಸುರಿಸಿ ದುಡಿದದ್ದು ಹತ್ತುವಾಗ. ನೋವು ಮಾತ್ರ ಇಳಿದದ್ದಕ್ಕೆ ಏಕೆ? ಸ್ನಾಯುಗಳ ರಚನೆ ತಿಳಿದವರು ದಯವಿಟ್ಟು ವಿವರಿಸಬೇಕು.

ಸಾಗರದ ತೋಟದವ:

ಉತ್ತರ ನನಗೆ ಗೊತ್ತಿಲ್ಲ, ಆದರೆ ನಿಮ್ಮ ಪ್ರಶ್ನೆಗೆ ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ. ಅಡಿಕೆ ಗೊಂಚಲು, ಅಂದರೆ ಕೊನೆ, ಕೊಯ್ಯಲು ನಮ್ಮ ತೋಟಕ್ಕೆ ಬರುವ ಕೊನೆಗಾರನಿಗೆ ವಯಸ್ಸು ಐವತ್ತು ದಾಟಿದೆ. ಕಾಲಿಗೆ ಹಗ್ಗದ ಬಳೆ ಸಿಕ್ಕಿಸಿಕೊಂಡು ಇಡೀ ದಿನ ಅಡಿಕೆ ಮರ ಹತ್ತಿ ಇಳಿಯುತ್ತಾನೆ. ಪ್ರತಿ ವರ್ಷ ಅಡಿಕೆ ಕೊಯ್ಲಿನ ಮೊದಲ ಎರಡು ಮೂರು ದಿನ ಮಾತ್ರ ತೊಡೆ, ರಟ್ಟೆ ಎಲ್ಲ ನೋವು ಎಂದು ಗೊಣಗುತ್ತಾನೆ. ಆಮೇಲೆ ಇಡೀ ಕೊಯ್ಲು ಮುಗಿಯುವವರೆಗೂ ನೋವಿನ ಮಾತೇ ಇಲ್ಲ. ಹೆಚ್ಚು ಕೆಲಸ ಮಾಡಿದಷ್ಟೂ ಹೆಚ್ಚು ನೋಯಬೇಕಲ್ಲವೇ? ಇಲ್ಲಿ ತಿರುವುಮುರುವು.

ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರು:

ಇಬ್ಬರ ಪ್ರಶ್ನೆಗೂ ಒಂದೇ ಉತ್ತರವಿದೆ. ಆದರೆ ಅದನ್ನು ತಲುಪಲು ಸ್ನಾಯುವಿನ ಒಳಗೆ ಸ್ವಲ್ಪ ದೂರ ನಡೆಯಬೇಕಾಗುತ್ತದೆ. ಮೂವತ್ತು ವರ್ಷ ಪಾಠ ಮಾಡಿದ ಅಭ್ಯಾಸ, ಮಾತು ಉದ್ದವಾದರೆ ಸಹಿಸಿಕೊಳ್ಳಿ.

ನಮ್ಮ ದೇಹದಲ್ಲಿ ಮೂರು ಬಗೆಯ ಸ್ನಾಯುಗಳಿವೆ. ಜಠರ, ಕರುಳು, ರಕ್ತನಾಳ ಮುಂತಾದವುಗಳ ಗೋಡೆಯಲ್ಲಿರುವ ನಯ ಸ್ನಾಯು ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಹೃದಯದ ಸ್ನಾಯುವೂ ಕಾಯುವುದಿಲ್ಲ. ನಿಮಿಷಕ್ಕೆ 70 ಬಾರಿ ಬಡಿದರೂ ದಿನಕ್ಕೆ 1 ಲಕ್ಷ ಬಡಿತವಾಯಿತು. ಈ ಎರಡನ್ನು ಇಲ್ಲಿಗೇ ಬಿಡೋಣ. ನಿಮ್ಮನ್ನು ಗೋಡೆ ಹಿಡಿಯುವಂತೆ ಮಾಡಿದ್ದು ಮೂರನೆಯದು, ಎಲುಬುಗಳಿಗೆ ಅಂಟಿಕೊಂಡ ಅಸ್ಥಿ ಸ್ನಾಯು. ಇಂಥವು 600ಕ್ಕೂ ಹೆಚ್ಚು ಇದ್ದು, ವಯಸ್ಕರ ದೇಹತೂಕದಲ್ಲಿ ಸುಮಾರು 40 ಶೇಕಡಾ ಇವುಗಳದ್ದೇ. ಕಿವಿಯೊಳಗಿನ ಅತಿ ಚಿಕ್ಕ ಎಲುಬಿಗೆ ಅಂಟಿಕೊಂಡ ಸ್ಟೆಪೀಡಿಯಸ್ ಎಂಬುದು ಸುಮಾರು 6 ಮಿಲಿಮೀಟರ್ ಉದ್ದವಿದ್ದರೆ, ಸೊಂಟದಿಂದ ಮೊಣಕಾಲಿನ ಒಳಬದಿಯವರೆಗೆ ಓರೆಯಾಗಿ ಹಾದುಹೋಗುವ ಸಾರ್ಟೋರಿಯಸ್ ಎಲ್ಲಕ್ಕಿಂತ ಉದ್ದನೆಯದು. ಆ ಹೆಸರು ಲ್ಯಾಟಿನ್ನಿನಲ್ಲಿ ದರ್ಜಿ ಎಂಬ ಅರ್ಥದ ಪದದಿಂದ ಬಂದಿದೆ, ಏಕೆಂದರೆ ಹಿಂದೆ ದರ್ಜಿಗಳು ಕುಳಿತುಕೊಳ್ಳುತ್ತಿದ್ದಂತೆ ಚಕ್ಕಳಮಕ್ಕಳ ಹಾಕಲು ಅದು ನೆರವಾಗುತ್ತದೆ.

ಸ್ನಾಯುವಿನ ರಚನೆಗೆ ತೆಂಗಿನ ನಾರಿನ ಹಗ್ಗ ಒಳ್ಳೆಯ ಹೋಲಿಕೆ. ಹಗ್ಗವನ್ನು ಬಿಚ್ಚಿದರೆ ಹುರಿಗಳು, ಹುರಿಯನ್ನು ಬಿಚ್ಚಿದರೆ ನಾರುಗಳು. ಹಾಗೆಯೇ ತೆಳ್ಳಗಿನ ಪೊರೆ ಹೊದ್ದ ಸ್ನಾಯುವಿನೊಳಗೆ ಕಟ್ಟುಗಳಿವೆ, ಪ್ರತಿ ಕಟ್ಟಿನೊಳಗೆ ಸ್ನಾಯುತಂತುಗಳಿವೆ. ಒಂದೊಂದು ತಂತುವೂ ಒಂದೊಂದು ಜೀವಕೋಶ. ಆದರೆ ಒಂದರಲ್ಲಿಯೇ ನೂರಾರು ಕೋಶಕೇಂದ್ರಗಳಿರಬಹುದು. ಪೊರೆಗಳೆಲ್ಲ ಕೊನೆಯಲ್ಲಿ ಒಂದಾಗಿ ಗಟ್ಟಿಯಾದ ಬಿಳಿಯ ಸ್ನಾಯುರಜ್ಜುವಾಗಿ ಎಲುಬಿಗೆ ಕಚ್ಚಿಕೊಳ್ಳುತ್ತವೆ.

ಹಗ್ಗದ ಹೋಲಿಕೆ ಇಲ್ಲಿಗೆ ಮುಗಿಯಿತು, ಏಕೆಂದರೆ ಹಗ್ಗದ ನಾರು ತಾನಾಗಿ ಗಿಡ್ಡವಾಗುವುದಿಲ್ಲ. ಸ್ನಾಯುತಂತುವಿನ ಒಳಗೆ ಇನ್ನೂ ಸೂಕ್ಷ್ಮವಾದ ಎಳೆಗಳಿದ್ದು, ಆ ಎಳೆಗಳ ಉದ್ದಕ್ಕೂ ಸಾರ್ಕೋಮಿಯರ್ ಎಂಬ ಪುಟ್ಟ ಅಂಕಣಗಳು ಸಾಲಾಗಿ ನಿಂತಿವೆ. ಒಂದು ಅಂಕಣದ ಉದ್ದ ಸುಮಾರು 2.5 ಮೈಕ್ರೋಮೀಟರ್, ಅಂದರೆ 400 ಅಂಕಣ ಸೇರಿದರೆ 1 ಮಿಲಿಮೀಟರ್. ಅಂಕಣದ ನಡುವೆ ಮಯೋಸಿನ್ ಎಂಬ ದಪ್ಪ ಎಳೆಗಳು, ಎರಡು ತುದಿಗಳಿಂದ ಒಳಚಾಚಿದ ಆಕ್ಟಿನ್ ಎಂಬ ತೆಳು ಎಳೆಗಳು. ಸ್ನಾಯು ಕುಗ್ಗುವಾಗ ಈ ಎಳೆಗಳಾವುವೂ ಗಿಡ್ಡವಾಗುವುದಿಲ್ಲ. ಎರಡು ಬಾಚಣಿಗೆಗಳ ಹಲ್ಲು ಒಂದರೊಳಗೊಂದು ಸರಿದಂತೆ ತೆಳು ಎಳೆ ದಪ್ಪ ಎಳೆಯ ನಡುವೆ ಜಾರುತ್ತದೆ. ಇದನ್ನು 1954ರಲ್ಲಿ ಎರಡು ಜೋಡಿ ವಿಜ್ಞಾನಿಗಳು ಪ್ರತ್ಯೇಕವಾಗಿ ಕಂಡುಕೊಂಡು ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದರು. ಒಂದು ಜೋಡಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್‌ಗರ್ಕ್, ಇನ್ನೊಂದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್. ಹಕ್ಸ್‌ಲಿಗಳಿಬ್ಬರೂ ನೆಂಟರಲ್ಲ, ಪರೀಕ್ಷೆಯಲ್ಲಿ ಮಕ್ಕಳು ಪ್ರತಿ ವರ್ಷ ಇಬ್ಬರನ್ನೂ ಒಬ್ಬನೇ ಮಾಡಿ ಬರೆಯುತ್ತಿದ್ದರು.

ಆಯುರ್ವೇದ ವಿದ್ಯಾರ್ಥಿನಿ, ಶಿವಮೊಗ್ಗ:

ಮೇಷ್ಟ್ರ ವಿವರಣೆಗೆ ಅಡ್ಡ ಬರುತ್ತಿರುವುದಕ್ಕೆ ಕ್ಷಮೆಯಿರಲಿ. ಶಾಲೆಯ ಪುಸ್ತಕಗಳು ಬಳಸುವ ಸ್ನಾಯು ಎಂಬ ಪದವು ನಮ್ಮ ಪಠ್ಯದಲ್ಲಿ ಗೊಂದಲ ಉಂಟುಮಾಡುತ್ತದೆ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಮಾಂಸದ ಖಂಡಗಳಿಗೆ ಪೇಶಿ ಎಂಬ ಹೆಸರಿದ್ದು, ಅವುಗಳ ಸಂಖ್ಯೆ 500 ಎಂದು ಹೇಳಿದೆ: ಕೈಕಾಲುಗಳಲ್ಲಿ 400, ಮುಂಡದಲ್ಲಿ 66, ಕುತ್ತಿಗೆಯಿಂದ ಮೇಲೆ 34. ಅಲ್ಲಿ ಸ್ನಾಯು ಎಂದರೆ ಕಟ್ಟಿ ಹಿಡಿಯುವ ನಾರಿನಂತಹ ರಜ್ಜು, ಅವು 900. ಮೊದಲ ವರ್ಷ ಪಿಯುಸಿಯ ಸ್ನಾಯುವನ್ನು ಮರೆತು ಸಂಹಿತೆಯ ಸ್ನಾಯುವನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ಚಾರಣಿಗರ ಅಮ್ಮ ನರ ಎನ್ನುವುದರಲ್ಲಿಯೂ ಇಂತಹದೇ ಕಥೆಯಿದೆ. ನಮ್ಮ ಕಡೆ ಎಳೆದದ್ದು, ಹಿಡಿದದ್ದು, ಸೆಳೆದದ್ದು ಎಲ್ಲವೂ ನರವೇ.

ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರು:

ಅಡ್ಡವಲ್ಲ ಮಗಳೇ, ಬೇಕಾದ ಮಾತೇ. ಇಲ್ಲಿ ಶಾಲೆಯ ಅರ್ಥದಲ್ಲಿಯೇ ಮುಂದುವರಿಯುತ್ತೇನೆ.

ಸ್ನಾಯುವಿಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬರುವುದಿಲ್ಲ. ಇಬ್ಬರು ಹಿಡಿದು ದಿಮ್ಮಿ ಕೊಯ್ಯುವ ಗರಗಸವನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಒಬ್ಬನು ಎಳೆಯುವಾಗ ಎದುರಿನವನು ಕೈ ಸಡಿಲ ಬಿಡಬೇಕು. ತಳ್ಳಲು ಹೋದರೆ ಅಲಗು ಬಾಗಿ ಸಿಕ್ಕಿಕೊಳ್ಳುತ್ತದೆ. ರಟ್ಟೆಯ ಮುಂದಿನ ಬೈಸೆಪ್ಸ್ ಎಳೆದಾಗ ಕೈ ಮಡಚುತ್ತದೆ, ಹಿಂದಿನ ಟ್ರೈಸೆಪ್ಸ್ ಎಳೆದಾಗ ಕೈ ನೀಡುತ್ತದೆ. ಮೊಣಕಾಲಿಗೂ ಹೀಗೆಯೇ: ತೊಡೆಯ ಮುಂಭಾಗದ ನಾಲ್ಕು ಸ್ನಾಯುಗಳ ಗುಂಪು, ಅಂದರೆ ಕ್ವಾಡ್ರಿಸೆಪ್ಸ್, ಕಾಲನ್ನು ನೀಡುತ್ತದೆ, ಹಿಂಭಾಗದವು ಮಡಚುತ್ತವೆ.

ಇನ್ನೊಂದು ಮಾತು. ಎಲುಬುಗಳು ಸನ್ನೆಕೋಲುಗಳಾದರೂ ಲಾಭದ ಸನ್ನೆಗಳಲ್ಲ. 5 ಕೆಜಿ ತೂಗುವ ಅಡಿಕೆ ಕೊನೆಯನ್ನು ಮೊಣಕೈ ಮಡಚಿ ಅಂಗೈಯಲ್ಲಿ ಹಿಡಿದರೆ ಅದು ಮೊಣಕೈಯಿಂದ ಸುಮಾರು 35 ಸೆಂಟಿಮೀಟರ್ ದೂರದಲ್ಲಿರುತ್ತದೆ. ಬೈಸೆಪ್ಸ್ ಅಂಟಿಕೊಂಡಿರುವುದು ಕೀಲಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ. ಆದ್ದರಿಂದ ಸ್ನಾಯು ಏಳು ಪಟ್ಟು ಹೆಚ್ಚು, ಅಂದರೆ 35 ಕೆಜಿ ಭಾರಕ್ಕೆ ಸಮನಾಗಿ ಎಳೆಯಬೇಕು. ಈ ನಷ್ಟಕ್ಕೆ ಪ್ರತಿಯಾಗಿ ನಮಗೆ ವೇಗ ದೊರೆಯುತ್ತದೆ: ಸ್ನಾಯು ಬೆರಳಿನಗಲ ಕುಗ್ಗಿದರೆ ಅಂಗೈ ಗೇಣುದ್ದ ಚಲಿಸುತ್ತದೆ.

ಈಗ ಎಳೆತ ಶುರುವಾಗುವ ಬಗೆ. ಮಿದುಳಿನಿಂದ ಹೊರಟ ಆಜ್ಞೆ ಬೆನ್ನುಹುರಿಯನ್ನು ಹಾದು ನರದ ತುದಿಗೆ ಬಂದಾಗ ಅಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸುರಿಯುತ್ತದೆ. ಮಲೆನಾಡಿನವರಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಲೇಶಮಾತ್ರ ಇರುವ ಆ ರಾಸಾಯನಿಕವನ್ನು ಅಳೆಯಲು 1930ರ ದಶಕದಲ್ಲಿ ಹೆನ್ರಿ ಡೇಲ್ ಮತ್ತು ವಿಲ್ಹೆಲ್ಮ್ ಫೆಲ್ಡ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ ಬಳಸಿದ್ದು ಜಿಗಣೆಯ ಬೆನ್ನಿನ ಸ್ನಾಯುವನ್ನು. ನಮ್ಮ ಕಾಲಿಗೆ ಹತ್ತುವ ಇಂಬಳ ಬೇರೆ ಜಾತಿಯದು, ಅದರ ನೆಂಟ ಎನ್ನಬಹುದು. ಆ ಜಿಗಣೆಯ ಸ್ನಾಯು ಕುಗ್ಗಿದ್ದನ್ನು ನೋಡಿ ನರವು ಸ್ನಾಯುವಿಗೆ ಕಳಿಸುವ ಓಲೆ ಯಾವುದೆಂದು 1936ರಲ್ಲಿ ತೋರಿಸಿಕೊಟ್ಟರು.

ಓಲೆ ತಲುಪಿದೊಡನೆ ತಂತುವಿನ ಒಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಬರುತ್ತದೆ, ಆಕ್ಟಿನ್ನಿನ ಮೇಲಿದ್ದ ಅಡ್ಡಿ ಸರಿಯುತ್ತದೆ, ಮಯೋಸಿನ್ನಿನ ತಲೆಗಳು ಅದನ್ನು ಹಿಡಿದು ಜಗ್ಗುತ್ತವೆ. ಹಿಡಿದು ಜಗ್ಗಿದ ತಲೆಯು ಹಿಡಿತ ಬಿಡಬೇಕಾದರೆ ಎಟಿಪಿ ಎಂಬ ಇಂಧನದ ಹೊಸ ಅಣುವೊಂದು ಬಂದು ಅದಕ್ಕೆ ಅಂಟಬೇಕು. ಹಿಡಿಯಲು ಮಾತ್ರವಲ್ಲ, ಬಿಡಲೂ ಇಂಧನ ಬೇಕು ಎಂಬುದನ್ನು ಗಮನಿಸಿ. ಸತ್ತ ಕೆಲವು ಗಂಟೆಗಳಲ್ಲಿ ಹೆಣ ಸೆಟೆದುಕೊಳ್ಳುವುದು ಇದರಿಂದಲೇ: ಎಟಿಪಿ ಮುಗಿದಿದೆ, ತಲೆಗಳು ಹಿಡಿದ ಹಿಡಿತದಲ್ಲಿಯೇ ನಿಂತಿವೆ.

ಶಿವಮೊಗ್ಗದ ಚಾರಣಿಗ:

ಮೇಷ್ಟ್ರೇ, ಇಷ್ಟು ಅರ್ಥವಾಯಿತು. ಆದರೆ ಸ್ನಾಯು ಕುಗ್ಗಿ ಎಳೆಯುವುದೇ ಅದರ ಕೆಲಸವಾದರೆ, ಇಳಿಯುವಾಗ ನನ್ನ ತೊಡೆ ಏನು ಮಾಡುತ್ತಿತ್ತು? ಅಲ್ಲಿ ದೇಹ ತಾನಾಗಿಯೇ ಕೆಳಗೆ ಬರುತ್ತಿತ್ತಲ್ಲ. ಲ್ಯಾಕ್ಟಿಕ್ ಆಮ್ಲದ ವಿಷಯವೂ ಉಳಿದಿದೆ.

ಫಿಸಿಯೋಥೆರಪಿಸ್ಟ್, ಭದ್ರಾವತಿ:

ಇದು ನನ್ನ ದಿನನಿತ್ಯದ ವಿಷಯವಾದ್ದರಿಂದ ನಾನು ಉತ್ತರಿಸುತ್ತೇನೆ. ದೇಹ ತಾನಾಗಿ ಕೆಳಗೆ ಬರುತ್ತಿರಲಿಲ್ಲ. ಹಾಗೆ ಬಂದಿದ್ದರೆ ನೀವು ಉರುಳಿಕೊಂಡು ಬರುತ್ತಿದ್ದಿರಿ. ಇಳಿಜಾರಿನಲ್ಲಿ ಕಾಲೂರಿದಾಗ ಮೊಣಕಾಲು ಮಡಚುತ್ತದೆ. ಅದು ಕುಸಿಯದಂತೆ ಕ್ವಾಡ್ರಿಸೆಪ್ಸ್ ಎಳೆಯುತ್ತಲೇ ಇರುತ್ತದೆ, ಆದರೆ ದೇಹದ ಭಾರ ಅದಕ್ಕಿಂತ ಹೆಚ್ಚಾದ್ದರಿಂದ ಎಳೆಯುತ್ತಿರುವಾಗಲೇ ಅದು ಉದ್ದವಾಗುತ್ತದೆ. ಬಾವಿಯಿಂದ ಕೊಡ ಸೇದುವಾಗಲೂ ಹಗ್ಗ ಬಿಗಿ ಹಿಡಿಯುತ್ತೇವೆ, ತುಂಬಿದ ಕೊಡವನ್ನು ಮೆಲ್ಲಗೆ ಬಾವಿಗೆ ಇಳಿಬಿಡುವಾಗಲೂ ಬಿಗಿ ಹಿಡಿಯುತ್ತೇವೆ. ಎರಡನೆಯದರಲ್ಲಿ ಅಂಗೈ ಉಜ್ಜಿಹೋಗುತ್ತದೆ.

ಇಲ್ಲಿ ಒಂದು ಒಗಟಿದೆ. 1952ರಲ್ಲಿ ಅಬಟ್, ಬಿಗ್‌ಲ್ಯಾಂಡ್ ಮತ್ತು ರಿಚಿ ಎಂಬ ಮೂವರು ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಿಸಿ ಒಂದೇ ಸರಪಳಿ ಹಾಕಿದರು. ಒಬ್ಬರು ಪೆಡಲು ತುಳಿಯುವುದು, ಇನ್ನೊಬ್ಬರು ಅದನ್ನು ತಡೆಯುವುದು. ಇಬ್ಬರ ಕಾಲಿನ ಮೇಲೂ ಬೀಳುವ ಬಲ ಒಂದೇ ಆದರೂ ತಡೆಯುವವರು ಬಳಸುವ ಆಮ್ಲಜನಕ ತುಳಿಯುವವರದಕ್ಕಿಂತ ಬಹಳ ಕಡಿಮೆ ಎಂದು ಕಂಡುಬಂತು. ಆದ್ದರಿಂದಲೇ ನೀವು ಇಳಿಯುವಾಗ ಹರಟೆ ಹೊಡೆಯಲು ಉಸಿರು ಉಳಿದಿತ್ತು. ಬಲವಂತವಾಗಿ ಉದ್ದವಾಗುವ ಸ್ನಾಯುವಿನಲ್ಲಿ ಮಯೋಸಿನ್ ತಲೆಗಳು ಹೆಚ್ಚಾಗಿ ಎಟಿಪಿಯ ನೆರವಿನಿಂದ ಹಿಡಿತ ಬಿಡುವುದಿಲ್ಲ, ಭಾರವೇ ಅವುಗಳನ್ನು ಕಿತ್ತು ಬಿಡಿಸುತ್ತದೆ. ಇಂಧನ ಉಳಿಯಿತು. ಜೊತೆಗೆ ಅದೇ ಭಾರ ತಡೆಯಲು ಕಡಿಮೆ ತಂತುಗಳು ಸಾಕಾಗುತ್ತವೆ, ಅಂದರೆ ದುಡಿಯುವ ಪ್ರತಿಯೊಂದು ತಂತುವಿನ ಮೇಲೆ ಬೀಳುವ ಸೆಳೆತ ಹೆಚ್ಚು. ಹತ್ತು ಜನ ಹೊರಬೇಕಾದ ದಿಮ್ಮಿಯನ್ನು ಐದು ಜನ ಹೊತ್ತಂತೆ. ಕೂಲಿ ಉಳಿಯುತ್ತದೆ, ಹೆಗಲು ಉಳಿಯುವುದಿಲ್ಲ.

ಹೀಗೆ ಸೆಳೆದಾಗ ಸಾಲಿನಲ್ಲಿರುವ ದುರ್ಬಲ ಅಂಕಣಗಳು ಅತಿಯಾಗಿ ಹಿಗ್ಗಿ, ಎಳೆಗಳ ಜೋಡಣೆ ಅಲ್ಲಲ್ಲಿ ಕದಡುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಂಕಣದ ಗಡಿಗೆರೆಗಳು ಕದಡಿದ್ದು ಕಾಣುತ್ತದೆ. ಆ ಕ್ಷಣಕ್ಕೆ ನೋವಿಲ್ಲ. ದುರಸ್ತಿಗೆಂದು ದೇಹ ಆರಂಭಿಸುವ ಉರಿಯೂತದಿಂದ ಅಲ್ಲಿನ ನೋವಿನ ನರತುದಿಗಳು ಸೂಕ್ಷ್ಮಗೊಂಡಾಗ ನೋವು ಶುರು. ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ಅದು ಶಿಖರ ಮುಟ್ಟುತ್ತದೆ; ನಿಮ್ಮ ಮಂಗಳವಾರ ಇದೇ ಲೆಕ್ಕದಲ್ಲಿದೆ. ಇದು ಹಳೆಯ ತಿಳಿವಳಿಕೆಯೇ. ತಡವಾಗಿ ಬರುವ ನೋವಿಗೆ ಸ್ನಾಯುವಿನೊಳಗೆ ಹರಿದುಹೋಗಿರುವುದೇ ಕಾರಣವಿರಬೇಕು ಎಂದು ಥಿಯೋಡೋರ್ ಹಫ್ ಎಂಬವರು 1902ರಲ್ಲಿಯೇ ಬರೆದಿದ್ದರು.

ಲ್ಯಾಕ್ಟಿಕ್ ಆಮ್ಲವನ್ನು ದಯವಿಟ್ಟು ಈ ಆರೋಪದಿಂದ ಬಿಡುಗಡೆ ಮಾಡಿ. ಏರುವಾಗ ಉಂಟಾದ ಲ್ಯಾಕ್ಟೇಟ್ ವಿಶ್ರಾಂತಿ ಪಡೆದ ಒಂದೆರಡು ಗಂಟೆಗಳಲ್ಲಿ ರಕ್ತದಿಂದ ತೆರವಾಗುತ್ತದೆ, ಹೃದಯವು ಅದನ್ನೇ ಇಂಧನವಾಗಿ ಸುಡುತ್ತದೆ. ಅದೇ ಕಾರಣವಾಗಿದ್ದರೆ ನೋವು ಭಾನುವಾರ ರಾತ್ರಿಯೇ ಬಂದು ಹೋಗಬೇಕಿತ್ತು, ಮೇಲಾಗಿ ಲ್ಯಾಕ್ಟೇಟ್ ಕಡಿಮೆ ಉತ್ಪತ್ತಿಯಾಗುವ ಇಳಿತಕ್ಕಿಂತ ಏರಿಗೆ ಹೆಚ್ಚು ನೋಯಬೇಕಿತ್ತು.

ಸಾಗರದವರ ಕೊನೆಗಾರನ ವಿಷಯ. ಒಮ್ಮೆ ಹೀಗೆ ಪೆಟ್ಟು ತಿಂದು ದುರಸ್ತಿಯಾದ ಸ್ನಾಯುವು ಮುಂದಿನ ಬಾರಿ ಅದೇ ಕೆಲಸಕ್ಕೆ ಅಷ್ಟು ಹಾನಿಗೊಳ್ಳುವುದಿಲ್ಲ. ಈ ರಕ್ಷಣೆ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಇರುತ್ತದೆ, ಬಳಿಕ ಕರಗುತ್ತದೆ. ಒಂದು ಕೊಯ್ಲಿನಿಂದ ಮುಂದಿನ ಕೊಯ್ಲಿಗೆ ಅಂತರ ಹೆಚ್ಚಾದ್ದರಿಂದ ಅವರು ಪ್ರತಿ ವರ್ಷ ಮೊದಲ ದಿನಗಳಲ್ಲಿ ಹೊಸಬರಾಗುತ್ತಾರೆ.

ಅಮ್ಮನ ಎಣ್ಣೆಯ ಬಗ್ಗೆ: ಹದವಾಗಿ ತಿಕ್ಕಿದರೆ ಹಿತವಾಗುತ್ತದೆ, ತಿಕ್ಕಿಸಿಕೊಳ್ಳಿ. ನರ ಎಳೆದದ್ದು ಮಾತ್ರ ಅಲ್ಲ. ರಾತ್ರಿ ಮೀನಖಂಡ ಗಂಟು ಕಟ್ಟಿದಂತೆ ಸೆಳೆದುಕೊಳ್ಳುವುದನ್ನೂ ಜನರು ನರ ಎನ್ನುತ್ತಾರೆ. ಅದು ಸ್ನಾಯು ನಮ್ಮ ಅಪ್ಪಣೆಯಿಲ್ಲದೆ ಬಿಗಿಯಾಗಿ ಕುಗ್ಗುವುದು. ಮೊಣಕಾಲು ನೇರ ಮಾಡಿ ಪಾದವನ್ನು ಮುಖದ ಕಡೆಗೆ ಎಳೆದು ಹಿಡಿದರೆ ಬಿಡುತ್ತದೆ. ಚಕ್ಕಳಮಕ್ಕಳ ಕುಳಿತು ಜೋಮು ಹಿಡಿದರೆ ಅದು ನಿಜವಾಗಿಯೂ ನರದ್ದೇ.

ಸೊರಬದ ಆರೋಗ್ಯ ಕಾರ್ಯಕರ್ತೆ:

ಫಿಸಿಯೋ ಮೇಡಂ ಹೇಳಿದ್ದೆಲ್ಲ ಸರಿಯಾಗಿದೆ, ಆದರೆ ನಮ್ಮ ಸೀಮೆಯಲ್ಲಿ ಇದನ್ನು ಓದಿದವರು ಎಲ್ಲ ಮೈಕೈ ನೋವನ್ನೂ ಚಾರಣದ ಲೆಕ್ಕಕ್ಕೆ ಹಾಕಬಾರದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಿಸಲ್ಪಟ್ಟದ್ದು ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಉಣುಗಿನ ಕಡಿತದಿಂದ ಬರುತ್ತದೆ. ಹಠಾತ್ತನೆ ಜ್ವರ, ತಲೆನೋವು, ತಡೆಯಲಾರದ ಮೈಕೈ ನೋವು ಅದರ ಆರಂಭದ ಲಕ್ಷಣಗಳು. ಗದ್ದೆಯ ಕೆಸರು ನೀರಿನಲ್ಲಿ ನಿಂತವರಿಗೆ ತಗಲುವ ಇಲಿ ಜ್ವರದಲ್ಲಿ ಮೀನಖಂಡವನ್ನು ಮುಟ್ಟಿದರೇ ನೋಯುತ್ತದೆ. ಕಾಡಿಗೆ ಹೋಗಿ ಬಂದ ಮೇಲೆ ನೋವಿನ ಜೊತೆ ಜ್ವರವೂ ಇದ್ದರೆ ಎಣ್ಣೆ ತಿಕ್ಕುತ್ತ ಕೂರದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಫಿಸಿಯೋಥೆರಪಿಸ್ಟ್, ಭದ್ರಾವತಿ:

ನಾನೇ ಬರೆಯಬೇಕಿತ್ತು, ಧನ್ಯವಾದ. ಇನ್ನೊಂದನ್ನು ಸೇರಿಸುತ್ತೇನೆ. ರೂಢಿಯಿಲ್ಲದವರು ವಿಪರೀತ ದುಡಿದ ಮೇಲೆ ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಅದು ಒಡೆದ ಸ್ನಾಯುಗಳಿಂದ ಮಯೋಗ್ಲೋಬಿನ್ ರಕ್ತಕ್ಕೆ ಸೇರಿದ ಗುರುತಾಗಿರಬಹುದು. ಅದು ಮೂತ್ರಪಿಂಡವನ್ನೇ ಕೆಡಿಸಬಲ್ಲದು, ಆದ್ದರಿಂದ ಅಂದೇ ಆಸ್ಪತ್ರೆಗೆ ಹೋಗಬೇಕು.

ಸಾಗರದ ತೋಟದವ:

ಮಯೋಗ್ಲೋಬಿನ್ ಎಂದಾಗ ನೆನಪಾಯಿತು. ಕೋಳಿಯ ಎದೆಯ ಮಾಂಸ ಬೆಳ್ಳಗಿದ್ದು ಕಾಲಿನದು ಕೆಂಪಗಿರುವುದು ಇದರಿಂದಲೇ ಎಂದು ಮಗಳು ಹೇಳುತ್ತಾಳೆ. ಕಡುಬು ಕೋಳಿಸಾರಿನ ಎದುರು ಕುಳಿತಾಗ ಹೇಳಿದ್ದರಿಂದ ನಾನು ಅಷ್ಟಾಗಿ ಗಮನಿಸಲಿಲ್ಲ.

ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರು:

ಮಗಳು ಸರಿಯಾಗಿಯೇ ಹೇಳಿದ್ದಾಳೆ. ಮಯೋಗ್ಲೋಬಿನ್ ಎಂಬುದು ಸ್ನಾಯುವಿನೊಳಗೆ ಆಮ್ಲಜನಕವನ್ನು ಕೂಡಿಡುವ ಕೆಂಪು ಪ್ರೋಟೀನು. ಕೋಳಿ ದಿನವಿಡೀ ನಿಂತು ಕೆದಕುತ್ತದೆ, ಆದ್ದರಿಂದ ಕಾಲಿನಲ್ಲಿ ದಣಿಯದೆ ನಿಧಾನವಾಗಿ ದುಡಿಯುವ ತಂತುಗಳು ಹೆಚ್ಚು. ನಾಯಿ ಅಟ್ಟಿಸಿಕೊಂಡು ಬಂದಾಗ ಒಮ್ಮೆಲೇ ಹಾರಲು ಬೇಕಾದ ಎದೆಯ ತಂತುಗಳು ವೇಗದವು, ಬೇಗ ದಣಿಯುತ್ತವೆ. ಮನುಷ್ಯರಲ್ಲಿ ಒಂದೇ ಸ್ನಾಯುವಿನೊಳಗೆ ಎರಡೂ ಬೆರೆತಿರುತ್ತವೆ. ಆದರೂ ನಿಂತಿರುವಾಗ ಸದಾ ದುಡಿಯುವ, ಮೀನಖಂಡದ ಒಳಪದರದ ಸೋಲಿಯಸ್ ಬಹುಪಾಲು ನಿಧಾನದ ತಂತುಗಳಿಂದಲೇ ಆಗಿದೆ.

ಶಿವಮೊಗ್ಗದ ಚಾರಣಿಗ:

ಮೂರು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ನೋವು ಶುಕ್ರವಾರದ ಹೊತ್ತಿಗೆ ಇಳಿದಿತ್ತು, ಜ್ವರವೇನೂ ಬರಲಿಲ್ಲ. ಫಿಸಿಯೋ ಮೇಡಂ ಹೇಳಿದ್ದನ್ನು ಪರೀಕ್ಷಿಸಲೆಂದೇ ನಿನ್ನೆಯ ಹಿಂದಿನ ದಿನ ಕವಲೇದುರ್ಗ ಹತ್ತಿ ಇಳಿದೆವು. ಅದು ಕೊಡಚಾದ್ರಿಯಷ್ಟು ಎತ್ತರವಿಲ್ಲ, ಆದ್ದರಿಂದ ಹೋಲಿಕೆ ಪೂರ್ತಿ ನ್ಯಾಯವಲ್ಲ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ನನ್ನ ತೊಡೆಗಳಿಗೆ ಏನೂ ಆಗಿಲ್ಲ. ಈ ಬಾರಿ ಹೊಸದಾಗಿ ಜೊತೆಗೆ ಬಂದಿದ್ದ ಜಿಮ್ಮಿನ ಗೆಳೆಯನು ಮಾತ್ರ ಇಂದು ಬೆಳಿಗ್ಗೆ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದ.